ಸ್ವಲ್ಪವೆಂದರೆ ಎಷ್ಟು

ನಮ್ಮ ದೊಡ್ಡಪ್ಪನೆದುರು ‘ಸ್ವಲ್ಪ’ ಎಂಬ ಮಾತಾಡಿ ಬಚಾವಾದವರು ಯಾರೂ ಇಲ್ಲ. ಕಾಫಿಗೆ ಸಕ್ಕರೆ ಸ್ವಲ್ಪ ಎಂದರೆ, ಬಸ್ಸು ಸ್ವಲ್ಪ ತಡವೆಂದರೆ, ಅಷ್ಟೇಕೆ, ತಲೆ ಸ್ವಲ್ಪ ನೋಯುತ್ತಿದೆಯೆಂದು ನರಳಿದರೂ ಸರಿ, ಕನ್ನಡಕವನ್ನು ಹಣೆಗೇರಿಸಿ, ಪಾಟೀಸವಾಲಿಗೆ ನಿಂತ ವಕೀಲರ ಗಾಂಭೀರ್ಯದಿಂದ “ಸ್ವಲ್ಪ ಅಂದ್ರೆ ಎಷ್ಟು?” ಎಂದು ಕೇಳದೆ ಬಿಡುತ್ತಿರಲಿಲ್ಲ. ಬೀದಿಯವರು ಅವರಿಗೆ ‘ಅಂದ್ರೆಷ್ಟು’ ಎಂದೇ ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಬೇಸರವಾದಂತೇನೂ ಕಾಣಲಿಲ್ಲ.

ಅವರು ಔಷಧದಂಗಡಿ ನಡೆಸಿದವರು. ಪುಡಿಗಳನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ, ಉಸಿರು ಬಿಗಿಹಿಡಿದು, ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದ ಕಾಲದವರು. ಅಂಗಡಿ ಮುಚ್ಚಿದ ಮೇಲೂ ಆ ತಕ್ಕಡಿಯನ್ನೂ ಅದರ ಹಿತ್ತಾಳೆಯ ಬಟ್ಟುಗಳನ್ನೂ ಕೋಟಿನ ಬಲಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದರಾದ್ದರಿಂದ ಕೋಟು ಒಂದು ಕಡೆ ಜೋತುಬಿದ್ದಿತ್ತು, ಕ್ರಮೇಣ ಅವರ ಬಲಭುಜವೂ ಅದನ್ನೇ ಅನುಸರಿಸಿತ್ತು.

ಸುಮ್ಮನೆ ಕೂರುವ ಜೀವವಲ್ಲ ಅದು. ಹಟ ಹಿಡಿದು ಪ್ರಾಚೀನ ಗ್ರೀಕ್ ಕಲಿತು, ಆ ಕಾಲದ ವೈದ್ಯನೊಬ್ಬನ ಔಷಧಗ್ರಂಥವನ್ನು ಅನುವಾದಿಸಲು ಕುಳಿತರು. ಭಾಷೆಯೇನೋ ಒಲಿಯಿತು, ತೂಕಗಳು ಮಾತ್ರ ನಿದ್ದೆಗೆಡಿಸಿದವು. ಆರು ಓಬೋಲ್ ಸೇರಿದರೆ ಒಂದು ದ್ರಾಖ್ಮೆ, ನೂರು ದ್ರಾಖ್ಮೆಗೆ ಒಂದು ಮಿನಾ. ಸಾಲದ್ದಕ್ಕೆ ಆ ಗ್ರೀಕ್ ಮಹಾನುಭಾವರಿಗೆ ಊರಿಗೊಂದು ದ್ರಾಖ್ಮೆ ಬೇರೆ! ಬಹುಕಾಲ ತಲೆ ಕೆರೆದುಕೊಂಡು ಅಥೆನ್ಸಿನ ತೂಕವೇ ಸರಿಯೆಂದು ನಿಶ್ಚಯಿಸಿದರು. ಅದರಂತೆ ದ್ರಾಖ್ಮೆ ನಾಲ್ಕೂಕಾಲು ಗ್ರಾಮಿಗೆ ತುಸು ಮೇಲೆ, ಓಬೋಲ್ ಮುಕ್ಕಾಲು ಗ್ರಾಮಿಗೆ, ಅವರ ಕ್ಷಮೆ ಕೋರಿ ಹೇಳುತ್ತೇನೆ, ಸ್ವಲ್ಪ ಕಡಿಮೆ. ಎಲ್ಲವನ್ನೂ ಕೋಷ್ಟಕ ಮಾಡಿ ಮೇಜಿನೆದುರಿನ ಗೋಡೆಗೆ ಅಂಟಿಸಿದರು. ಓದುವಾಗ ಸಾಲಿನ ಕೆಳಗೆ ಮರದ ಅಡಿಪಟ್ಟಿ ಹಿಡಿಯಲೇಬೇಕು. “ಕಣ್ಣು ಜಾರುತ್ತೆ, ಬೆರಳೂ ಜಾರುತ್ತೆ, ಮರ ಜಾರಲ್ಲ” ಎನ್ನುತ್ತಿದ್ದರು.

ಇಂಥವರಿಗೆ ಗಂಟುಬಿದ್ದವರು ನಮ್ಮ ದೊಡ್ಡಮ್ಮ. ಅವರದು ಕಣ್ಣಳತೆ, ಕೈಯಳತೆ, ಬಾಯಿ ರುಚಿ. ಇವರ ಲೆಕ್ಕ ಮುಗಿಯುವುದನ್ನು ಕಾದರೆ ಇವತ್ತಿನ ಸಾರಿಗೆ ನಾಳೆ ಉಪ್ಪು ಬೀಳುತ್ತದೆಂದು ಗೊಣಗುತ್ತಲೇ ಮನೆಮಂದಿಗೆಲ್ಲ ರುಚಿಯಾಗಿ ಬಡಿಸಿದವರು.

ಆ ಚಳಿಗಾಲದಲ್ಲಿ ದೊಡ್ಡಮ್ಮನಿಗೆ ಕೆಮ್ಮು ಹಿಡಿದು, ಜಪ್ಪಯ್ಯ ಎಂದರೂ ಬಿಡದಾಯಿತು. ಅದೇ ಹೊತ್ತಿಗೆ ಅಚ್ಚುಕೂಟದಿಂದ ಕರಡುಪ್ರತಿಗಳು ಬಂದು ಮೇಜಿನ ಮೇಲೆ ಬಿದ್ದಿದ್ದವು. ತಿದ್ದುವ ಕೆಲಸಕ್ಕೆ ನಾನು ಹೋದೆ. ನಾನು ಅವರ ಟಿಪ್ಪಣಿಯಿಂದ ಮೂಲದ ತೂಕ ಓದಬೇಕು, ಅವರು ಕರಡಿನಿಂದ ಗ್ರಾಂ ಓದಬೇಕು. ಕೆಮ್ಮಿನ ಅಧ್ಯಾಯದಲ್ಲಿ ನಾನು, ಕಾಡೀರುಳ್ಳಿಯ ಒಣಪುಡಿ, ಓಬೋಲ್ ಮೂರು ಎಂದೆ. ಅವರು ಹದಿಮೂರು ಗ್ರಾಂ ಎಂದವರೇ ಗೋಡೆಯ ಕೋಷ್ಟಕದತ್ತ ತಿರುಗಿದರು. ಎರಡು ಗ್ರಾಮಿನ ಚಿಲ್ಲರೆ ಇರಬೇಕಾದಲ್ಲಿ ಹದಿಮೂರು! ಓಬೋಲಿನ ಬದಲು ಮೇಲಿನ ಸಾಲಿನ ದ್ರಾಖ್ಮೆಯನ್ನು ಹಿಡಿದು ಗುಣಿಸಿಬಿಟ್ಟಿದ್ದರು. ಅದನ್ನು ಬರೆದ ದಿನ ದೊಡ್ಡಮ್ಮ ಕಿಟಕಿಯ ಪರದೆ ಅಳೆಯಲು ಅಡಿಪಟ್ಟಿ ಒಯ್ದಿದ್ದರಂತೆ. ಇವರು ಬೆರಳನ್ನು ನಂಬಿದ್ದರು.

ಆ ಪುಡಿ ಮಿತಿಯಲ್ಲಿದ್ದರೆ ಕಫ ಕರಗಿಸುತ್ತದೆ, ಮಿತಿ ಮೀರಿದರೆ ಹೃದಯವನ್ನೇ ನಿಲ್ಲಿಸುತ್ತದೆ. ಸದ್ಯ, ಅಚ್ಚಾಗುವ ಮುನ್ನ ಸಿಕ್ಕಿತಲ್ಲ ಎಂದು ಅವರು ಹಣೆಯ ಬೆವರು ಒರೆಸಿಕೊಳ್ಳುತ್ತಿರುವಾಗ ದೊಡ್ಡಮ್ಮ ಕಾಫಿ ತಂದಿಟ್ಟರು.

“ನಿಮ್ಮ ಪುಸ್ತಕ ಪರವಾಗಿಲ್ಲ ರೀ. ಬೆಳಿಗ್ಗೆ ಎದ್ದವಳೇ ಆ ಕಾಡೀರುಳ್ಳಿ ಪುಡೀನ ಜೇನುತುಪ್ಪದಲ್ಲಿ ಕಲಸಿ ತಿಂದೆ. ಕೆಮ್ಮು ನಿಂತೇಹೋಯ್ತು.”

ನಮೂನೆಗೆಂದು ತರಿಸಿಟ್ಟಿದ್ದ ಪುಡಿಯ ಸೀಸೆ ದೊಡ್ಡಮ್ಮನ ಕೈಗೆಟಕುವಂತೆ ಕಪಾಟಿನಲ್ಲೇ ಇತ್ತು. ದೊಡ್ಡಪ್ಪನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಎದ್ದು ಹೆಂಡತಿಯ ಕೈ ಹಿಡಿದು ನಾಡಿ ನೋಡತೊಡಗಿದರು.

“ಎಷ್ಟು ಹಾಕ್ಕೊಂಡೆ?” ಜೀವಮಾನವಿಡೀ ಕೇಳಿದ ಪ್ರಶ್ನೆಯನ್ನು ಅಷ್ಟು ದೀನರಾಗಿ ಅವರು ಕೇಳಿದ್ದನ್ನು ನಾನು ಕಂಡಿರಲಿಲ್ಲ.

“ಹದಿಮೂರು ಗ್ರಾಂ ಅಂತ ಬರೆದಿದ್ರಿ. ಅಷ್ಟೊಂದು ಯಾರು ತಿಂತಾರೆ? ಸ್ವಲ್ಪ ಹಾಕ್ಕೊಂಡೆ.”

“ಸ್ವಲ್ಪಾನೇ ತಾನೇ?”

“ಸ್ವಲ್ಪಾನೇ ರೀ.”

ಆದರೂ ದೊಡ್ಡಪ್ಪ ನನ್ನನ್ನು ಡಾಕ್ಟರ ಬಳಿಗೆ ಓಡಿಸಿದರು. ಪಕ್ಕದ ಬೀದಿಯ ಡಾಕ್ಟರು ಬಂದು, ಎದೆಬಡಿತ ಆಲಿಸಿ, ಏನೂ ಭಯವಿಲ್ಲವೆಂದರು. ಅಷ್ಟಕ್ಕೆ ಬಿಡುವ ಆಸಾಮಿಯೇ ದೊಡ್ಡಪ್ಪ! ದೊಡ್ಡಮ್ಮನಿಂದ ಸೀಸೆಯೊಳಗಿನ ಪುಡಿಯನ್ನು ಬೆಳಿಗ್ಗೆಯಂತೆಯೇ ಇನ್ನೊಮ್ಮೆ ಚಿಟಿಕೆ ಹಿಡಿಸಿ, ಜೇಬಿನ ತಕ್ಕಡಿಗೆ ಉದುರಿಸಿದರು. ಅರ್ಧ ಓಬೋಲೂ ಇರಲಿಲ್ಲ. ಆಮೇಲೆಯೇ ಅವರು ನಕ್ಕದ್ದು, ನಗುತ್ತಲೇ ಕಣ್ಣೊರೆಸಿಕೊಂಡದ್ದು, ಆರಿದ ಕಾಫಿಯನ್ನು ಪಾಯಸದಂತೆ ಚಪ್ಪರಿಸಿ ಕುಡಿದದ್ದು.

ಮಾರನೆಯ ದಿನ ಮತ್ತೆ ಅದೇ ರಾಗ: ಕೆಮ್ಮು ಸ್ವಲ್ಪ ಇದೆಯೆಂದರೆ ಎಷ್ಟು? ದೊಡ್ಡಮ್ಮ ಸಿಡುಕಿದರು; ನನಗೆ ಮಾತ್ರ ಆ ಪ್ರಶ್ನೆ ಅಂದಿನಿಂದ ಬೇರೆಯಾಗಿಯೇ ಕೇಳತೊಡಗಿದೆ. ಲೋಕವನ್ನು ಕೂದಲೆಳೆಯಷ್ಟು ನಿಖರವಾಗಿ ತೂಗಹೊರಟವರೆಲ್ಲ ಒಳಗೊಳಗೇ ಯಾರಿಗಾಗಿಯೋ ಹೆದರಿದವರು. ನೀನಿಲ್ಲದಿದ್ದರೆ ನನ್ನ ಗತಿಯೇನು ಎಂದು ಬಾಯಿಬಿಟ್ಟು ಹೇಳಲು ಅವರಿಗೆ ಬರುವುದಿಲ್ಲ. ಎಷ್ಟು ಹಾಕಿಕೊಂಡೆ ಎಂದು ಕೇಳುತ್ತಾರೆ.