ಐದೂವರೆಯ ಒಳಗಿನ ಹಾಲು

ಫಕೀರವ್ವನಿಗೆ ಸಿಟ್ಟು ಬಂದದ್ದು ಮೊದಲು ಗೊತ್ತಾಗುವುದು ಅವಳ ಬಳೆಗಳಿಂದ. ಬಾಯಿ ತೆರೆಯುವ ಮುಂಚೆಯೇ ಕೈ ಅಲ್ಲಾಡುತ್ತದೆ. ಆ ಮಧ್ಯಾಹ್ನ ಸೊಪ್ಪಿನಕಟ್ಟಿಯ ಹಾಲಿನ ಡೇರಿಯ ಗೋಡೆಯ ಮುಂದೆ ನಿಂತಾಗ ಎರಡೂ ಕೈಯ ಬಳೆ ಒಂದೇ ಸವನೆ ಗಲಗಲ ಎನ್ನುತ್ತಿದ್ದವು.

ಗೋಡೆಗೆ ಅಂಟಿಸಿದ್ದು ಹಾಲಿನ ಸಂಘದ ಚುನಾವಣೆಯ ಪಟ್ಟಿ. ಕಳೆದ ಸಾಲಿನಲ್ಲಿ, ಅಂದರೆ ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದರ ಒಳಗೆ, ನೂರಾ ಎಂಬತ್ತು ದಿನ ಹಾಲು ಹಾಕಿದವರು ಚುನಾವಣೆಗೆ ನಿಲ್ಲಬಹುದು. ಒಂದು ದಿನ ಕಡಿಮೆಯಾದರೂ ಇಲ್ಲ. ಫಕೀರವ್ವನ ಹೆಸರಿನ ಮುಂದೆ ನೂರಾ ಎಪ್ಪತ್ತೊಂಬತ್ತು ಎಂದಿತ್ತು.

"ನೂರಾ ಎಂಬತ್ತು ಹಾಕೀನಿ. ಎಣಿಸಿ ಹಾಕೀನಿ," ಎಂದಳು.

ಖರೇನೇ ಎಣಿಸಿದ್ದಳು. ಅವಳ ಏಕೈಕ ಎಮ್ಮೆ ಚಂದ್ರಿ ಕಳೆದ ಸೆಪ್ಟೆಂಬರಿನ ಕೊನೆಗೆ ಹಾಲು ನಿಲ್ಲಿಸುತ್ತ ಬಂದಾಗ, ಮಕ್ಕಳ ಚಹಾಕ್ಕೂ ಇಡದೆ ಅರ್ಧರ್ಧ ಲೀಟರ್ ಒಯ್ದು ಹಾಕಿ ದಿನ ಪೂರ್ತಿ ಮಾಡಿದ್ದಳು. ನೂರಾ ಎಂಬತ್ತನೇ ಮುಂಜಾನೆ ಮನೆಗೆ ಬಂದವಳೇ ಚಂದ್ರಿಯ ಬಾಯಿಗೆ ಇಷ್ಟುದ್ದ ಬೆಲ್ಲದ ತುಂಡು ಇಟ್ಟಿದ್ದಳು. ಗಂಡ ಗುಡದಪ್ಪ "ನನಗೊಂದು ತುಂಡಿಲ್ಲೇನು?" ಎಂದಾಗ, "ನೀ ಏನ್ ಕೊಟ್ಟೀದಿ?" ಎಂದು ಕೇಳಿದ್ದಳು.

ಇಷ್ಟೆಲ್ಲ ಯಾಕೆಂದರೆ, ಸಂಘ ಹುಟ್ಟಿ ಇಪ್ಪತ್ತೆರಡು ವರ್ಷವಾದರೂ ಕೆಳಗಿನ ಓಣಿಯ ಒಬ್ಬರೂ ಅದರ ಕುರ್ಚಿಯ ಮೇಲೆ ಕೂತಿರಲಿಲ್ಲ. ಫಕೀರವ್ವನಿಗೆ ಕೂರಬೇಕಾಗಿತ್ತು. ಸೋತರೂ ಸೈ, ನಿಂತಾದರೂ ನೋಡಬೇಕಾಗಿತ್ತು.

ಸಂಘದ ಕಾರ್ಯದರ್ಶಿ ಮಹಾನಂದಾ ಕನ್ನಡಕ ಏರಿಸಿಕೊಂಡು ಹೊರಗೆ ಬಂದಳು. "ಪಟ್ಟಿ ನಾ ಬರದಿದ್ದಲ್ಲ ಫಕೀರವ್ವಾ. ಮ್ಯಾಲಿನ ಆಫೀಸಿನ ಕಂಪ್ಯೂಟರ್ ಕಳಿಸಿದ್ದು. ಏಳು ದಿನದಾಗ ತಕರಾರು ಕೊಡಬಹುದು. ಆದ್ರ ಪುರಾವೆ ಬೇಕು."

"ಪುರಾವೆ ಬೇಕೇನ್ರಿ? ತಡೀರಿ."

ಹತ್ತು ನಿಮಿಷದಲ್ಲಿ ಅವಳು ಒಂದು ತಂತಿ ಹಿಡಿದುಕೊಂಡು ಬಂದಳು. ಮುಂಜಾನೆ ಮಾತ್ರ ಹಾಲು ಕೊಳ್ಳುವ ಆ ಡೇರಿಯ ಯಂತ್ರ ದಿನಾ ತೂಗಿ ಕೊಡುತ್ತದಲ್ಲ ಚೀಟಿ, ಅವನ್ನೆಲ್ಲ ಒಣಮೆಣಸಿನಕಾಯಿ ಸರದ ಹಾಗೆ ಪೋಣಿಸಿ ಅಡುಗೆಮನೆಯ ಜಂತಿಗೆ ತೂಗುಹಾಕಿದ್ದಳು. ಮಹಾನಂದಾ ಎಣಿಸಿದಳು. ನೂರಾ ಎಂಬತ್ತು. ಆದರೆ ಏಪ್ರಿಲ್, ಮೇ ತಿಂಗಳ ಚೀಟಿಗಳ ಅಕ್ಷರ ಪೂರ್ತಿ ಮಾಸಿ ಬರೀ ಬಿಳಿ ಕಾಗದ ಉಳಿದಿತ್ತು.

"ಬಿಳೀ ಕಾಗದ ಕೊಟ್ರ ಮ್ಯಾಲಿನವ್ರು ನಗತಾರ ಬೇ," ಎಂದಳು ಮಹಾನಂದಾ, ನಿಜಕ್ಕೂ ಬೇಜಾರಿನಿಂದ. ಆದರೂ ಕಂಪ್ಯೂಟರ್ ಹಚ್ಚಿ, ಫಕೀರವ್ವ ಹಾಲು ಹಾಕಿದ ದಿನಗಳನ್ನು ಪರದೆಯ ಮೇಲೆ ತೆರೆದಳು. "ಅಕ್ಷರ ಕಾಣೂ ಚೀಟಿ ನಂಬರ್ ಹಿಡಿದು ಓದು. ನೋಡೂಣು, ಯಾವ ದಿನ ತಪ್ಪೇತಿ ಅಂತ."

ನಾಲ್ಕನೇ ಇಯತ್ತೆಯವರೆಗೆ ಕಲಿತ ಫಕೀರವ್ವ ಅಂಕಿ ಚೆನ್ನಾಗಿ ಓದುತ್ತಾಳೆ. "ಜೂನ್ ಹನ್ನೆರಡು," ಎಂದಳು.

"ಅದ ನಂಬರಿಗೆ ಇಲ್ಲಿ ಜೂನ್ ಹನ್ನೊಂದು ಐತಿ."

"ಜೂನ್ ಹದಿಮೂರು."

"ಹನ್ನೆರಡು."

ಹೀಗೇ ಇಪ್ಪತ್ತು ಚೀಟಿ ಓದಿದರು. ಒಂದೂ ಕೂಡಲಿಲ್ಲ. ಎಲ್ಲವೂ ಒಂದು ದಿನ ಹಿಂದೆ! ಫಕೀರವ್ವನ ಬಳೆಗಳ ಸದ್ದು ನಿಂತಿತು. "ಅಕ್ಕಾರ, ನಾ ಇವತ್ತ ಹಾಕಿದ್ದು ಅದರಾಗ ನಿನ್ನಿ ಹಾಕಿದಂಗ ಆಗೇತಿ. ನಾ ಮೊದಲ ಹಾಲ ಹಾಕಿದ್ದು ಏಪ್ರಿಲ್ ಒಂದಕ್ಕ. ಅಂದ್ರ ಅದು..."

"ಮಾರ್ಚ್ ಮೂವತ್ತೊಂದು. ಹಿಂದಿನ ಸಾಲಿಗೆ ಹೋತು," ಎಂದು ಮಹಾನಂದಾ ತೊಡೆ ಬಡಿದುಕೊಂಡಳು. ಕಳೆದುಹೋದ ದಿನ ಸಿಕ್ಕಿತ್ತು. ಆದರೆ ಅದು ಬೇಲಿಯ ಆಚೆ ಬಿದ್ದಿತ್ತು.

ಮಹಾನಂದಾ ಹಟಮಾರಿ ಹೆಂಗಸು. ಗಂಟು ಬಿಚ್ಚದೆ ಉಣ್ಣುವವಳಲ್ಲ. ಆ ಸಂಜೆ ಬೇರೆಯವರ ಚೀಟಿ ತರಿಸಿ ಅವರ ಲೆಕ್ಕವನ್ನೂ ತೆಗೆದು ನೋಡಿದಳು. ಅವರವೆಲ್ಲ ಸರಿ ಇದ್ದವು. ಆದರೆ ಮದುವೆ ಮುಂಜಿ ಎಂದು ಯಾರಾದರೂ ಒಂದು ದಿನ ಬೇಗ ಬಂದು ಹಾಲು ಹಾಕಿದ್ದರೆ, ಆ ಒಂದು ದಿನ ಮಾತ್ರ ಹಿಂದಕ್ಕೆ ಸರಿದಿತ್ತು. ಐದು ಇಪ್ಪತ್ತೊಂಬತ್ತಕ್ಕೆ ಹಾಕಿದ ಹಾಲು ನಿನ್ನೆಯದು, ಐದು ಮೂವತ್ತೊಂದಕ್ಕೆ ಹಾಕಿದ್ದು ಇವತ್ತಿನದು. ದಿನಾ ಐದೂವರೆಯ ಒಳಗೆ ಬರುವವಳು ಇಡೀ ಊರಿಗೆ ಫಕೀರವ್ವ ಒಬ್ಬಳೇ.

ಮರುದಿನ ಮಹಾನಂದಾ ಫಕೀರವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹುಬ್ಬಳ್ಳಿಗೆ ಫೋನು ಹಚ್ಚಿದಳು. ಈ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯಲ್ಲಿ ಊರೂರಿನ ದೂರು ಕೇಳುವ ಕೆಲಸ ಇರಮ್ ಎಂಬ ಹುಡುಗಿಯದು. ಸ್ಪೀಕರಿನಲ್ಲಿ ಅವಳ ದನಿ ಕೇಳಿಸಿತು. "ಐದೂವರಿ ಅಂದ್ರಿ? ಯಾ ಅಲ್ಲಾ! ಒಂದ್ ನಿಮಿಷ ತಡೀರಿ ಅಕ್ಕಾರ." ಕೀಲಿಮಣೆ ಬಡಿದ ಸದ್ದು. ಆಮೇಲೆ ನಿಟ್ಟುಸಿರು. "ನಿಮ್ಮ ಯಂತ್ರ ಸುಳ್ಳ ಹೇಳಿಲ್ರಿ. ತಪ್ಪ ಓದಿದವ್ರು ನಾವು. ಯಂತ್ರ ತಾರೀಖು, ವ್ಯಾಳ್ಯಾ ಎರಡೂ ಕೂಡಿಸಿ ಒಂದ ಸಾಲ ಕಳಸತೈತಿ. ಜಗತ್ತಿನ ಕಂಪ್ಯೂಟರ್ ಎಲ್ಲಾ ಒಪ್ಪಿದ ಪದ್ಧತಿ ಅದು. ನಿಮ್ಮ ಪರದಿ ಮ್ಯಾಲೂ ಕಾಣತೈತಿ ನೋಡ್ರಿ, ಕಡಿಗೆ ಒಂದು ಝಡ್ ಇರತೈತಿ."

ಮಹಾನಂದಾ ಕನ್ನಡಕ ಸರಿಮಾಡಿಕೊಂಡಳು. ಫಕೀರವ್ವನ ಮೊದಲ ದಿನದ ಸಾಲು ಹೀಗಿತ್ತು: 2024-03-31T23:44:00Z.

"ಝಡ್ ಇದ್ರ, ಅದು ಇಡೀ ಜಗತ್ತಿಗೆ ಇಟ್ಟಿರೂ ಒಂದ ಗಡಿಯಾರದ ವ್ಯಾಳ್ಯಾ ಅಂತ ತಿಳೀಬೇಕು. ನಮ್ಮ ದೇಶದ ಗಡಿಯಾರ ಅದಕ್ಕಿಂತ ಐದೂವರಿ ತಾಸು ಮುಂದ. ನಿಮ್ಮಲ್ಲೆ ಮುಂಜಾನಿ ಐದೂ ಹದಿನಾಕು ಆದಾಗ ಅದರಾಗ ಇನ್ನೂ ಹಿಂದಿನ ರಾತ್ರಿ ಹನ್ನೊಂದೂ ನಲವತ್ನಾಕು. ಐದೂವರಿ ತಾಸು ಕೂಡಿಸಿ ಆಮ್ಯಾಲ ತಾರೀಖು ಓದಬೇಕಾಗಿತ್ತು. ನಮ್ಮ ಪ್ರೋಗ್ರಾಮು ಮೊದಲಿನ ಹತ್ತ ಅಕ್ಷರ ಕತ್ತರಿಸಿಕೊಂಡು, ಇದ ತಾರೀಖು ಅಂತ ಇಟ್ಟುಬಿಟ್ಟೈತಿ."

"ಅಂದ್ರ ಪತ್ರದ ಮೊದಲನೇ ಸಾಲ ಓದಿ ಮಡಚಿಟ್ಟಂಗ," ಎಂದಳು ಫಕೀರವ್ವ.

"ಹಂಗ ನೋಡ್ರಿ!"

"ಮತ್ತ ಸರಿ ಮಾಡವಾ."

ಸಾಹೇಬರನ್ನು ಕೇಳಿ ಹೇಳುತ್ತೇನೆಂದು ಫೋನು ಇಟ್ಟ ಇರಮ್ ಮಧ್ಯಾಹ್ನ ತಾನೇ ಮಾಡಿದಳು. ದನಿ ಸಣ್ಣಗಾಗಿತ್ತು. "ಒಂದ ಸಾಲಿನ ಕೆಲಸ ಐತ್ರಿ ಅಕ್ಕಾರ, ಆದ್ರ ಸಾಹೇಬ್ರು ಒಪ್ಪಲಿಲ್ಲ. ಒಬ್ಬರ ತಕರಾರಿಗೆ ಪ್ರೋಗ್ರಾಮು ಮುಟ್ಟಬ್ಯಾಡ, ಚುನಾವಣಿ ಮುಗಿದ ಮ್ಯಾಲ ನೋಡೂಣು ಅಂದ್ರು. ಅಲ್ಲೀತನಕ ಅಕಿಗೆ ಐದೂವರಿ ಮ್ಯಾಲ ಬರಾಕ ಹೇಳ್ರಿ ಅಂದಾರ."

ಈ ಮಾತು ಫಕೀರವ್ವನಿಗೆ ಎಲ್ಲಿ ನಾಟಿತು ಎಂದು ತಿಳಿಯಬೇಕಾದರೆ ಒಂದು ಹಳೆಯ ಸಂಗತಿ ಹೇಳಬೇಕು. ಅವಳು ಸಂಘದ ಸದಸ್ಯಳಾದ ದಿನ, ಸಭೆಯಲ್ಲಿ ಅಧ್ಯಕ್ಷೆ ಶಿವಗಂಗವ್ವ ಒಂದು ಮಾತು ಆಡಿದ್ದಳು: "ಫಕೀರವ್ವನ ಹಾಲು ಕಡಿಗೆ ಹಾಕಲಿ, ಎಲ್ಲಾರದೂ ಮುಗಿದ ಮ್ಯಾಲ." ಕಾರಣ ಯಾರೂ ಕೇಳಲಿಲ್ಲ. ಕೆಳಗಿನ ಓಣಿಯವರ ಕೈಯ ನೀರು ಕುಡಿಯದ ಮನೆಗಳು ಊರಲ್ಲಿ ಇನ್ನೂ ಇದ್ದವು. ಕಾರಣ ಎಲ್ಲರಿಗೂ ಗೊತ್ತಿತ್ತು. ಫಕೀರವ್ವ ಜಗಳ ಮಾಡಲಿಲ್ಲ. ಏಪ್ರಿಲ್ ಒಂದರ ಮುಂಜಾನೆ ಬೀಗ ತೆಗೆಯುವ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತಳು. ತೊಳೆದಿಟ್ಟ ದೊಡ್ಡ ಕ್ಯಾನಿನ ತಳಕ್ಕೆ ಮೊದಲು ಬಿದ್ದದ್ದು ಚಂದ್ರಿಯ ಹಾಲು. ಉಳಿದವರು ಬೇಕಾದರೆ ಅದರ ಮೇಲೆ ಹಾಕಲಿ, ಬೇಡವಾದರೆ ಮನೆಗೆ ಒಯ್ಯಲಿ! ಎಂಟು ದಿನ ಊರು ಗೊಣಗಿತು. ಆಮೇಲೆ ಸುಮ್ಮನಾಯಿತು. ಅಂದಿನಿಂದ ಒಂದು ದಿನವೂ ಅವಳು ಎರಡನೆಯವಳಾಗಿ ಹೋದವಳಲ್ಲ.

ಈಗ ಮುಖವೇ ಇಲ್ಲದ ಒಂದು ಕಂಪ್ಯೂಟರ್ ಬಂದು ಅದೇ ಮಾತು ಹೇಳುತ್ತಿತ್ತು. ನೀನು ಆಮೇಲೆ ಬಾ.

"ಬರಂಗಿಲ್ಲ," ಎಂದಳು ಫಕೀರವ್ವ. ಮನೆಗೆ ಹೋಗಿ ಚಂದ್ರಿಗೆ ಮೇವು ಹಾಕುವಾಗಲೂ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತು: ಒಬ್ಬರ ತಕರಾರು, ಒಬ್ಬರ ತಕರಾರು. ಚಂದ್ರಿ ಮತ್ತೆ ಈದು ಎರಡನೇ ತಿಂಗಳು ನಡೆದಿತ್ತು, ಕೆಚ್ಚಲು ತುಂಬಿತ್ತು. ಅದನ್ನು ನೋಡುತ್ತ ನಿಂತವಳಿಗೆ ತಟ್ಟನೆ ಹೊಳೆಯಿತು. ಒಬ್ಬರದಾದರೆ ಕೇಳುವುದಿಲ್ಲ. ಎಲ್ಲರದೂ ತಪ್ಪಿದರೆ?

ಹೊಳೆಯುವುದು ಸುಲಭ. ಮಾಡಿಸುವುದು ಯಾರು? ಊರು ಮಾತು ಕೇಳುವುದು ಒಬ್ಬಳದ್ದೇ. ಅವಳು ಹತ್ತು ವರ್ಷದಿಂದ ಅಧ್ಯಕ್ಷೆ, ಮತ್ತು ಫಕೀರವ್ವ ನಿಲ್ಲಬೇಕಾದದ್ದು ಅವಳ ಎದುರಿಗೇ.

ಶಿವಗಂಗವ್ವ ಹಿತ್ತಲಲ್ಲಿ ಅವರೆಕಾಳು ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತದೆ ಎಲ್ಲ ಕೇಳಿದಳು. "ಭಲೆ! ನನ್ನ ಎದುರ ನಿಲ್ಲಾಕಿ ನನ್ನ ಹಂತ್ಯಾಕ ಸಹಾಯ ಕೇಳಾಕ ಬಂದಿ?"

"ಹೌದ್ರಿ ಅಕ್ಕಾರ. ನಾಳಿ ಒಂದ ದಿನ ಎಲ್ಲಾರೂ ಐದೂವರಿ ಒಳಗ ಹಾಲ ಹಾಕ್ರಿ. ಅಷ್ಟ."

"ನಾ ಯಾಕ ಮಾಡ್ಲಿ?"

"ಪಟ್ಟಿ ಹಿಂಗ ಉಳಿದ್ರ ನಿಮ್ಮ ಎದುರ ಯಾರೂ ಇರಂಗಿಲ್ಲ. ಆವಾಗ ಮಂದಿ, ಶಿವಗಂಗವ್ವ ಫಕೀರವ್ವಗ ಹೆದರಿ ಕಂಪ್ಯೂಟರ್ ಕಾಲ ಹಿಡಿದ್ಲು ಅಂತಾರ್ರಿ."

"ನಾ ಹೆದರೂದಾ? ನಿನಗ?" ಶಿವಗಂಗವ್ವನ ಕೈಯ ಮೊರ ನೆಲಕ್ಕೆ ಬಡಿಯಿತು, ಅವರೆಕಾಳು ಚೆಲ್ಲಿದವು. ಇಬ್ಬರೂ ಬಾಗಿ ಆರಿಸತೊಡಗಿದರು. ಆರಿಸುತ್ತಲೇ ಶಿವಗಂಗವ್ವ ಕೇಳಿದಳು. "ಅವತ್ತ ಸಭಾದಾಗ ನಾ ಅಂದ ಮಾತು ಇನ್ನೂ ನಿನ್ನ ಹೊಟ್ಟ್ಯಾಗ ಐತಿ, ಹೌದಿಲ್ಲೊ?"

"ಐತ್ರಿ."

"ನನ್ನ ಹೊಟ್ಟ್ಯಾಗೂ ಐತಿ." ಕಾಳು ಮೊರಕ್ಕೆ ಸುರಿದು ಎದ್ದು ನಿಂತಳು. "ಎಷ್ಟಕ್ಕ ಬರಬೇಕು, ಹೇಳ."

ಮರುದಿನ ಮುಂಜಾನೆ, ಎಲ್ಲರಿಗೂ ಐದಕ್ಕೆ ಬರಹೇಳಿದ್ದವಳಿಗೇ ತಡವಾಯಿತು. ಕರು ಹಗ್ಗ ಬಿಚ್ಚಿಕೊಂಡು ಮುಕ್ಕಾಲು ಹಾಲು ಕುಡಿದುಬಿಟ್ಟಿತ್ತು. ಉಳಿದದ್ದನ್ನು ಹಿಂಡಿಕೊಂಡು, ಸೆರಗು ಸಿಕ್ಕಿಸಿಕೊಂಡು ಫಕೀರವ್ವ ಓಡಿದಳು. ಇಷ್ಟು ಹೊತ್ತಿಗೆ ಕ್ಯಾನು ಅರ್ಧ ತುಂಬಿರುತ್ತದೆ. ಇವತ್ತು ತನ್ನದು ಕಡೆಯದು. ಕೆಲಸವಾದರೆ ಸಾಕು, ಜಾಗ ಹೋದರೆ ಹೋಗಲಿ ಎಂದು ತನಗೆ ತಾನೇ ಹೇಳಿಕೊಂಡರೂ ಓಟ ಇನ್ನಷ್ಟು ಜೋರು ಮಾಡಿದಳು.

ಡೇರಿಯ ಮುಂದೆ ದೀಪದ ಕೆಳಗೆ ಮೂವತ್ತು ಮಂದಿ ಸಾಲಾಗಿ ನಿಂತಿದ್ದರು. ಆಕಳಿಸುವವರು, ಕೆಮ್ಮುವವರು, ಬೈಯುವವರು. ಗೋಡೆಯ ಗಡಿಯಾರದಲ್ಲಿ ಐದೂ ಹನ್ನೊಂದು. ಯಾರೂ ಹಾಲು ಹಾಕಿರಲಿಲ್ಲ. ಕ್ಯಾನು ಬಾಯಿ ತೆರೆದು ಖಾಲಿ ಕೂತಿತ್ತು. ಶಿವಗಂಗವ್ವ ಸಾಲಿನಲ್ಲಿ ಎರಡನೆಯವಳಾಗಿ ನಿಂತಿದ್ದಳು, ಅವಳ ಮುಂದೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿತ್ತು.

"ಎಲ್ಲಿ ಹಾಳಾಗಿ ಹೋಗಿದ್ದೀ ಬೇ?" ಎಂದು ಕೂಗಿದಳು. "ವ್ಯಾಳ್ಯಾ ಹೊಂಟೈತಿ! ನಿಂದು ಬೀಳೂತನಕ ನಮ್ದು ಹ್ಯಾಂಗ ಹಾಕೂದು?"

ಫಕೀರವ್ವನಿಗೆ ಕಣ್ಣು ಮಂಜಾಯಿತು. ಹಾಲು ಅರ್ಧ ಲೀಟರೂ ಇರಲಿಲ್ಲ. ಅದನ್ನೇ ಯಂತ್ರದ ಮುಂದೆ ಹಿಡಿದಳು, ಮಹಾನಂದಾ ಅಳೆದು ಕ್ಯಾನಿಗೆ ಸುರಿದಳು. ಆಮೇಲೆ ನೋಡಬೇಕಿತ್ತು ಗಡಿಬಿಡಿ! ಮುಂದಿನವರು ಹಾಕುವಷ್ಟರಲ್ಲಿ ಹಿಂದಿನವರು ಮುಚ್ಚಳ ತೆಗೆದು ಸಿದ್ಧ. ಕೊನೆಯ ಚೀಟಿ ಹೊರಬಂದಾಗ ಐದೂ ಇಪ್ಪತ್ತೊಂಬತ್ತು. ಎಲ್ಲರೂ ಉಸಿರು ಬಿಡುತ್ತಿದ್ದಂತೆ ಲಕ್ಷ್ಮಪ್ಪ ಕಣ್ಣುಜ್ಜಿಕೊಳ್ಳುತ್ತ ಬಂದು, "ಏನ್ರಿ, ಇಷ್ಟ ಲಗೂ ಮಂದಿ ಯಾಕ ಕೂಡೇತಿ?" ಎಂದು ಐದೂ ಮೂವತ್ತೆರಡಕ್ಕೆ ಒಂದೂವರೆ ಲೀಟರ್ ಹಾಕಿ ಹೋದ.

ಮರುದಿನ ಒಂಬತ್ತಕ್ಕೆ ಡೇರಿಯ ಫೋನು ಬಡಿದುಕೊಂಡಿತು. ಈ ಸಲ ಇರಮ್‌ಳ ಸಾಹೇಬರೇ. "ಮೇಲಿನ ಆಫೀಸಿನವರು ನಮ್ಮನ್ನ ಕೇಳಾಕತ್ತಾರ. ನಿನ್ನೆ ನಿಮ್ಮೂರಿಂದ ಲಾರಿಗೆ ಇನ್ನೂರಾ ಹನ್ನೆರಡು ಲೀಟರ್ ಹಾಲು ಹೋಗೈತಿ. ರಾತ್ರಿ ಬಂದ ಪಟ್ಟಿಯಲ್ಲಿ ಲಕ್ಷ್ಮಪ್ಪ ಅನ್ನೋರದು ಒಂದೂವರೆ ಲೀಟರ್ ಬಿಟ್ಟು ಏನೂ ಇಲ್ಲ. ಮೊನ್ನೆ ದಿನ ನೋಡಿದರೆ ಎಲ್ಲರದೂ ಎರಡೆರಡು ಸಲ! ಏನು ನಡೆಸೀರಿ?"

"ಹಾಲ ಹಾಕೀವ್ರಿ," ಎಂದಳು ಮಹಾನಂದಾ ಶಾಂತವಾಗಿ. "ಐದೂವರಿ ಒಳಗ ಹಾಕೀವಿ. ಒಬ್ಬರ ತಕರಾರು ಅಂದಿದ್ರೆಲ್ಲಾ ಸರ? ಈಗ ಮೂವತ್ತೊಂದು ಮಂದೀದು ಐತ್ರಿ."

ಸಂಜೆಯೊಳಗೆ ಇರಮ್ ಫೋನು ಮಾಡಿದಳು. ಆ ಒಂದು ಸಾಲು ಸರಿಮಾಡಿ, ಕಳೆದ ಸಾಲಿನ ಲೆಕ್ಕವನ್ನೆಲ್ಲ ಕಂಪ್ಯೂಟರಿನಿಂದ ಮತ್ತೆ ಓದಿಸಿದ್ದಳು. "ಫಕೀರವ್ವಕ್ಕಾ, ನೂರಾ ಎಂಬತ್ತು! ಬ್ಯಾರೆ ಹದಿನೇಳು ಊರಾಗೂ ಒಬ್ಬೊಬ್ಬರದು ಸರಿ ಆತ್ರಿ. ಎಲ್ಲಾರೂ ನಿಮ್ಮಂಗ ಮುಂಜಾನೆದ್ದು ಮೊದಲ ಬರೂವ್ರ."

ಹದಿನೇಳು ಊರಿನ ಹದಿನೇಳು ಡೇರಿ ಬಾಗಿಲು ಫಕೀರವ್ವನ ಕಣ್ಣಮುಂದೆ ಬಂದವು. ಹೊಸ ಪಟ್ಟಿ ಕೈಗೆ ಸಿಕ್ಕಾಗ ತನ್ನ ಮೊದಲ ದಿನ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿದಳು. ಏಪ್ರಿಲ್ ಒಂದು ಎಂದಿತ್ತು. ಆ ಹಾಳೆಯನ್ನು ಮನೆಗೆ ಒಯ್ದು, ಮಾಸಿದ ಚೀಟಿಗಳ ಮೇಲೆ ಅದೇ ತಂತಿಗೆ ಪೋಣಿಸಿದಳು.

ನಾಮಪತ್ರ ಕೊಡುವ ದಿನ ಡೇರಿಯ ಕಟ್ಟೆಯ ಮೇಲೆ ಇಬ್ಬರೂ ಎದುರಾದರು. "ನಿನ್ನ ಸೋಲಸ್ತೀನಿ ನೋಡ," ಎಂದಳು ಶಿವಗಂಗವ್ವ.

"ಸೋಲಸ್ರಿ ಅಕ್ಕಾರ. ಎದುರ ನಿಲ್ಲಾಕ ಬಿಟ್ಟು ಸೋಲಸ್ರಿ, ಅಷ್ಟ ಸಾಕು."

ಮರುದಿನ ಮುಂಜಾನೆ ಐದಕ್ಕೆ ಡೇರಿಯ ಬಾಗಿಲಿಗೆ ಮೊದಲು ಬಂದವಳು ಫಕೀರವ್ವ. ಯಾರೂ ಬರಹೇಳದಿದ್ದರೂ, ಎರಡನೆಯವಳು ಶಿವಗಂಗವ್ವ.