ಟೀಚರಮ್ಮನ ರೇಷ್ಮೆ

ಸೊಸೆ ಇಸ್ತ್ರಿಪೆಟ್ಟಿಗೆಯ ಕೆಂಡ ಊದುತ್ತಿದ್ದಳು. ಅದೇ ಕೋಣೆಯ ನಡುವೆ ತೀರಿಕೊಂಡ ಅತ್ತೆಯನ್ನು ಮಲಗಿಸಿದ್ದರು. ಹೊದಿಸಬೇಕಾದ ಬಿಳಿಬಟ್ಟೆಯ ಸುಕ್ಕು ಇನ್ನೂ ಹೋಗಿರಲಿಲ್ಲ. ಸ್ಮಶಾನದ ಗಾಡಿ ಹನ್ನೊಂದಕ್ಕೆ ಬರುವುದಿತ್ತು. ಬಾಗಿಲಲ್ಲಿ, ಇಸ್ತ್ರಿಗೆ ಬಟ್ಟೆ ಕೊಡುತ್ತಿದ್ದ ಟೀಚರಮ್ಮನ ದನಿ ಕೇಳಿದ್ದೇ ಅವಳ ಉಸಿರು ಅರ್ಧಕ್ಕೇ ನಿಂತಿತು.

"ಬೇಗ ಅತ್ತಿಗೆ," ತಾಯಿಯ ತಲೆಯ ಬಳಿ ಕೂತಿದ್ದ ಮಗಳು ಅಂದಳು. "ಇದೊಂದಾದ್ರೂ ಅಮ್ಮ ಮೆಚ್ಚೋ ಹಾಗಿರ್ಲಿ."

ಟೀಚರಮ್ಮ ಬಾಗಿ ಹಣೆ ಮುಟ್ಟಿದರು. "ಕೈ ಬಂಗಾರ ನಿಮ್ಮಮ್ಮಂದು. ಕಣ್ಣೇ ಕೈಕೊಡ್ತು ನೋಡು."

"ಹೌದಮ್ಮ," ಎಂದಳು ಪಕ್ಕದ ಮನೆಯ ಅಜ್ಜಿ. "ನಿಮ್ಮ ಮಗಳ ಮದುವೆ ರೇಷ್ಮೆ ಸುಟ್ಟಳಲ್ಲ, ಅವತ್ತೇ ಗೊತ್ತಾಯ್ತು."

ಸೊಸೆ ಪೆಟ್ಟಿಗೆ ಎತ್ತಿದಳು. ಬಟ್ಟೆಯ ಮೇಲೆ ಇಳಿಸಲಾಗಲಿಲ್ಲ.

*

ಹನ್ನೊಂದು ವರ್ಷದ ಹಿಂದೆ, ಮದುವೆಯಾಗಿ ಬಂದ ಮೂರನೇ ತಿಂಗಳು, ಆ ರೇಷ್ಮೆಯ ಮೇಲೆ ತೆಳುಬಟ್ಟೆ ಹಾಸುವುದನ್ನು ಮರೆತಿದ್ದಳು ಸೊಸೆ. ಕೂದಲು ಸುಟ್ಟಂಥ ವಾಸನೆ. ಪೆಟ್ಟಿಗೆ ಎತ್ತುವಷ್ಟರಲ್ಲಿ ಅಂಗೈಯಗಲ ಕಂದಿತ್ತು.

ಅತ್ತೆ ಬೈಯಲಿಲ್ಲ. ಬಟ್ಟೆ ಮಡಿಸಿ ಕಂಕುಳಲ್ಲಿಟ್ಟು ಚಪ್ಪಲಿ ಮೆಟ್ಟಿದಳು.

"ಕಣ್ಣು ಮಂಜಾಯ್ತು, ನಾನೇ ಸುಟ್ಟೆ ಅಂತೀನಿ. ನೀನು ಬಾಯಿ ಬಿಟ್ಟೀಯ, ಜೋಕೆ!"

"ಅತ್ತೆ, ನಿಮ್ಮ ಹೆಸರು..."

"ನಾನಿನ್ನು ಎಷ್ಟು ದಿನ ಇಸ್ತ್ರಿ ತಿಕ್ಕೀನು? ನೀನು ಇದೇ ಬೀದೀಲಿ ಮೂವತ್ತು ವರ್ಷ ದುಡೀಬೇಕು. ಹೊಸ ಸೊಸೆ ಕೈಗೆ ಕೊಡ್ಬೇಡಿ ಅಂದ್ರೆ ಮುಗೀತು ನಿನ್ನ ಕತೆ."

ಆಮೇಲೆ ಒಳ್ಳೆಯ ಬಟ್ಟೆಗಳೆಲ್ಲ ಸೊಸೆಯ ಪಾಲಾದವು. ರೇಷ್ಮೆಗೆಂದೇ ಹೆಸರಾಗಿದ್ದ ಅತ್ತೆ ಸಾಯುವತನಕ ಹಾಸಿಗೆಯ ಹೊದಿಕೆ, ದಿಂಬಿನ ಚೀಲ ತಿಕ್ಕಿದಳು.

*

"ಸದ್ಯ, ನಮ್ಮ ಯಜಮಾನ್ರ ಹಳೇ ಕನ್ನಡಕ ಕೊಟ್ಟೆ," ಟೀಚರಮ್ಮ ಹೇಳುತ್ತಿದ್ದರು. "ಆಮೇಲೆ ಒಂದೂ ಸುಡ್ಲಿಲ್ಲ, ಪಾಪ."

ಆ ಕನ್ನಡಕ ಈಗಲೂ ಅತ್ತೆಯ ಮುಖದ ಮೇಲಿತ್ತು. ಅದಿಲ್ಲದೆ ಅಮ್ಮ ಅಮ್ಮನ ಹಾಗೆ ಕಾಣುವುದಿಲ್ಲವೆಂದು ಮಗಳೇ ಹಾಕಿದ್ದಳು.

ಸೊಸೆ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಕುಕ್ಕಿದಳು.

"ರೇಷ್ಮೆ ಸುಟ್ಟಿದ್ದು ನಾನು. ಅತ್ತೆ ಕಣ್ಣು ಚೆನ್ನಾಗೇ ಇತ್ತು."

ಅಜ್ಜಿಯ ಬಾಯಿ ತೆರೆದಂತೆಯೇ ಉಳಿಯಿತು. ಟೀಚರಮ್ಮ ಗೋಡೆ ಹಿಡಿದರು. ಮಗಳು ಎದ್ದು ಬಂದಳು. ಹೊಡೆದೇ ಬಿಡುತ್ತಾಳೆಂದು ಸೊಸೆ ಕಣ್ಣು ಮುಚ್ಚಿದಳು.

"ಕನ್ನಡಕ ಹಾಕ್ಕೊಂಡ್ರೆ ತಲೆ ತಿರುಗತ್ತೆ ಕಣೇ ಅಂತಿದ್ಲು ಅಮ್ಮ," ಎಂದಳು ಮಗಳು. "ನಾನು ಬೈದು ಬೈದು ಹಾಕಿಸ್ತಿದ್ದೆ. ನೀವು ಪಕ್ಕದಲ್ಲೇ ಇರ್ತಿದ್ರಲ್ಲ, ಅತ್ತಿಗೆ."

ಹೊರಗೆ ಗಾಡಿ ಬಂದು ನಿಂತಿತು.

ಮಗಳು ಮತ್ತೆ ತಾಯಿಯ ಪಕ್ಕ ಕೂತು, ಎರಡೂ ಕೈಯಿಂದ ಕನ್ನಡಕ ತೆಗೆದಳು. ಮೂಗಿನ ಎರಡೂ ಬದಿ ಕಪ್ಪಗೆ ಒಂದೊಂದು ತಗ್ಗು. ಹೆಬ್ಬೆರಳಿನಿಂದ ಮೆಲ್ಲಗೆ ತೀಡಿದಳು, ಮತ್ತೆ ಮತ್ತೆ ತೀಡಿದಳು. ತಗ್ಗು ಹಾಗೇ ಉಳಿಯಿತು.