ಡಯಾಲಿಸಿಸ್ ಕುರ್ಚಿಯ ಪೆಡಲು

ನಮ್ಮ ಯಜಮಾನರು ಬಸ್ ಓಡಿಸಿ ನಿವೃತ್ತರಾದವರು. ಮೂತ್ರಪಿಂಡ ಕೈಕೊಟ್ಟ ಮೇಲೆ ಡಯಾಲಿಸಿಸ್ ಕುರ್ಚಿಯೇ ಅವರ ಡ್ರೈವರ್ ಸೀಟು. ತೋಳಿಗೆ ಮೊಳೆಯಂಥ ಎರಡು ಸೂಜಿ ಚುಚ್ಚಿದರೂ ಮುಖ ಸಿಂಡರಿಸುವವರಲ್ಲ.

ಈಚೆಗೆ ಅವರ ರಕ್ತದಲ್ಲಿ ಸಕ್ಕರೆ ಏರತೊಡಗಿತು. ಸಿಹಿ ಮುಟ್ಟದವರಿಗೆ ಇದೇನು ಎಂದು ಕೇಳಿದೆ. ಮೂತ್ರಪಿಂಡ ಸೋತವರಲ್ಲಿ ಇನ್ಸುಲಿನ್ ಇದ್ದರೂ ಎಷ್ಟೋ ಸಲ ಮೈ ಅದರ ಮಾತು ಕೇಳುವುದಿಲ್ಲ ಎಂದರು ಡಾಕ್ಟರು. ಮಾತು ಕೇಳದಿರುವುದು ಇವರಿಗೆ ಹೊಸದಲ್ಲ ಎಂದೆ. ಡಾಕ್ಟರು ನಕ್ಕು, ಸ್ನಾಯುಗಳಿಗೆ ಕೆಲಸ ಕೊಟ್ಟರೆ ಕೇಳೀತು, ಮುಂದಿನ ಪರೀಕ್ಷೆಯಲ್ಲೂ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಇಂಜೆಕ್ಷನ್ ಶುರುಮಾಡೋಣ ಎಂದರು. ಸಿರಿಂಜಿನ ಸಣ್ಣ ಗೆರೆ ಕಾಣದಷ್ಟು ಇವರ ಕಣ್ಣು ಮಂಜು. ದಿನವೂ ಚುಚ್ಚಬೇಕಾದವಳು ನಾನು. ಕಾಲಿನ ಮುಳ್ಳು ತೆಗೆಯಲೂ ಇನ್ನೊಬ್ಬರನ್ನು ಕರೆಯುವವಳು. ಆ ದಿನ ನನಗೆ ಊಟ ಸೇರಲಿಲ್ಲ.

ನರ್ಸಮ್ಮ ಕುರ್ಚಿಯ ಮುಂದೆ ಕೂತಲ್ಲೇ ತುಳಿಯುವ ಪೆಡಲು ತಂದಿಟ್ಟಳು. ಕೈ ಅಲುಗಬಾರದು, ಕಾಲು ನಿಲ್ಲಬಾರದು, ಇದು ಅವಳ ಅಪ್ಪಣೆ. ಜೀವಮಾನವೆಲ್ಲ ಬ್ರೇಕ್ ತುಳಿದವನು ಈಗ ಸೈಕಲ್ ತುಳಿಯಬೇಕೇ ಎಂದು ಗೊಣಗುತ್ತಿದ್ದವರು ನನ್ನ ಮುಖ ನೋಡಿ ತೆಪ್ಪಗೆ ಕಾಲಿಟ್ಟರು.

ಪಕ್ಕದ ಕುರ್ಚಿಯಲ್ಲಿ ಡಯಾಲಿಸಿಸ್‌ಗೆ ಬರುತ್ತಿದ್ದವನು ಕ್ಷೌರದಂಗಡಿಯವನು. ಇವರು ದಣಿದಾಗಲೆಲ್ಲ, ಮುಂದಿನ ಸ್ಟಾಪಿನಲ್ಲಿ ಜನ ಕಾಯುತ್ತಿದ್ದಾರೆ ಎಂದು ಹುರಿದುಂಬಿಸುತ್ತಿದ್ದ. ಒಂದು ದಿನ ಕೇಳಿಯೇ ಬಿಟ್ಟ.

“ಡ್ರೈವರಣ್ಣ, ಇಷ್ಟು ದಪ್ಪ ಸೂಜಿಗೆ ಹೆದರದೋರು, ಆ ಕೂದಲೆಳೆಯಂಥ ಇನ್ಸುಲಿನ್ ಸೂಜಿಗೆ ಯಾಕಿಷ್ಟು ಹೆದರಿ ತುಳೀತೀರಿ?”

“ಚುಚ್ಚೋರು ಯಾರು, ನೋಡು” ಎಂದು ಇವರು ಗಲ್ಲವೆತ್ತಿ ನನ್ನನ್ನು ತೋರಿಸಿದರು. ಕೋಣೆಗೆ ಕೋಣೆಯೇ ನಕ್ಕಿತು. ನಾನೂ ನಕ್ಕೆ, ಒಳಗೊಳಗೇ ಸ್ವಲ್ಪ ಮುನಿಸಿಕೊಂಡು.

ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು. ಸದ್ಯಕ್ಕೆ ಇಂಜೆಕ್ಷನ್ ಬೇಡ, ಪೆಡಲು ಮಾತ್ರ ಬಿಡಬೇಡಿ ಎಂದರು ಡಾಕ್ಟರು. ಮನೆಗೆ ಮರಳುವಾಗ ಬಸ್ಸಿನಲ್ಲಿ ನಾನು ಗುಟ್ಟು ಬಿಟ್ಟುಕೊಟ್ಟೆ.

“ನಿಮಗೆ ಹೇಳದೆ ನರ್ಸಮ್ಮನ ಹತ್ರ ಚುಚ್ಚೋದು ಕಲಿತಿದ್ದೆ ಕಣ್ರೀ. ಅಡುಗೆಮನೇಲಿ ಸ್ಪಂಜಿಗೆ ಚುಚ್ಚಿ ಚುಚ್ಚಿ ಕೈ ಕುದುರಿತ್ತು. ನಿಮಗೇನೂ ನೋವಾಗ್ತಿರಲಿಲ್ಲ.”

“ಗೊತ್ತು. ಬಾಗಿಲ ಸಂದಿಯಿಂದ ನೋಡಿದ್ದೆ” ಎಂದರು. “ಪ್ರತಿ ಸಲ ಚುಚ್ಚಿದಾಗ್ಲೂ ನೀನು ಆ ಸ್ಪಂಜನ್ನ ‘ನೋಯ್ತಾ?’ ಅಂತ ಕೇಳ್ತಿದ್ದೆಯಲ್ಲ. ಅದನ್ನ ನೋಡಿದ್ಮೇಲೆ ಜೋರಾಗಿ ತುಳೀದೇ ಇರೋಕಾಗುತ್ತಾ?”

ಮಾರನೆಯ ದಿನ ಡಯಾಲಿಸಿಸ್ ಇರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ, ಇವರು ಮಂಚದ ಮೇಲೆ ಅಂಗಾತ ಮಲಗಿ ಹೊದಿಕೆಯೊಳಗೇ ಕಾಲು ತಿರುಗಿಸುತ್ತಿದ್ದರು.